ಕಾಚಂಪುಳಿಗೆ ಕರಗಿದ ಆನೆ

ಫ್ರೆಂಡ್ಸ್, ಹೊಟ್ಟೆ ಉರೀತಿದೆ, ಇಲ್ಲಾದ್ರೂ ಹೇಳ್ಕೋತೀನಿ. ಆನೆ ಚಿತ್ರದ ಹಳೇ ತಾಮ್ರದ ಕಾಸುಗಳನ್ನ ಅತ್ತೆ ನನಗೂ ಓರಗಿತ್ತಿ ಸುಮಾಗೂ ಹಂಚಿದ್ರು. ಎಲ್ಲಾ ಹಸಿರು ಕಿಲುಬು. ನಾನು ನನ್ನದನ್ನ ನಮ್ಮ ಕೊಡಗಿನ ಪಂದಿಕರಿಗೆ, ಅಂದ್ರೆ ಹಂದಿ ಸಾರಿಗೆ ಹಾಕೋ ಕಪ್ಪು ಹುಳಿರಸ ಕಾಚಂಪುಳಿಯಲ್ಲಿ ಎರಡು ದಿನ ನೆನೆಸಿ, ಬೂದಿ ಹಾಕಿ ತಿಕ್ಕಿದೆ. ಫಳಫಳ!

ಸುಮಾನೂ ಎರಡು ಚಮಚ ಕಾಚಂಪುಳಿ ಕೇಳಿದ್ಲು. ಅವಳ ಕಾಸು ನನ್ನದಕ್ಕಿಂತ ಹೊಳೆದ್ರೆ? "ಖಾಲಿ ಆಯ್ತು ಕಣೇ" ಅಂದೆ. ಪಾಪ, ಬರೀ ನೀರಲ್ಲಿ ನೆನೆಸಿ, ಮೆತ್ತಗಿನ ಬಟ್ಟೇಲಿ ಒತ್ತಿ ಒಣಗಿಸಿದ್ಲು.

ಇವತ್ತು ಹಳೇ ನಾಣ್ಯ ಕೂಡಿಡೋ ಚಿಕ್ಕಮಾವ ಬಂದು ಎರಡನ್ನೂ ನೋಡಿದ್ರು.

"ಸುಮಾ, ಚೆನ್ನಾಗಿ ಉಳಿಸಿದ್ದೀಯಮ್ಮ, ಸೊಂಡಿಲೂ ಕಾಣುತ್ತೆ!"

ಆಮೇಲೆ ನನಗೆ, "ನಿನ್ನದರಲ್ಲಿ ಆನೆ ಎಲ್ಲಮ್ಮಾ? ಹುಳಿ ಪೂರ್ತಿ ತಿಂದುಹಾಕಿದೆಯಲ್ಲ!"

ಛೇ, ಅವಳು ಕೇಳಿದಾಗಲೇ ಇಡೀ ಬಾಟಲಿ ಕೊಟ್ಟುಬಿಡಬೇಕಿತ್ತು.