ಜನಸಂಖ್ಯೆಯ ಪಾಠ ಮಾಡಿದ ಮೇಷ್ಟ್ರಿಗೆ ಮಕ್ಕಳು ಬೇಕಾಗಿದ್ದಾರೆ

ಗೆಳೆಯರೇ, ಜನ ಹೆಚ್ಚಿದರೆ ನೀರು, ಮೀನು, ಕಾಡು ಎಲ್ಲ ಹೇಗೆ ಬರಿದಾಗುತ್ತದೆ ಎಂದು ಇವತ್ತು ಬೆಳಿಗ್ಗೆ ಹತ್ತನೇ ಕ್ಲಾಸಿಗೆ ಪಾಠ ಮಾಡಿದೆ. ಎದುರಿಗಿದ್ದದ್ದು ಒಂಬತ್ತೇ ಮಕ್ಕಳು. ಮಧ್ಯಾಹ್ನ ಎಂಟನೇ ಕ್ಲಾಸಿಗೆ ಮಕ್ಕಳನ್ನು ಹುಡುಕಿಕೊಂಡು ಉಪ್ಪುಂದದಲ್ಲಿ ಮನೆಮನೆ ತಿರುಗಿದೆ. ಈವರೆಗೆ ಸಿಕ್ಕಿದ್ದು ನಾಲ್ಕು ಹೆಸರು. ಬರುವ ವರ್ಷ ಶಾಲೆ ಇರುತ್ತದೋ ಇಲ್ಲವೋ ಎಂಬ ಯೋಚನೆಯಲ್ಲಿ ಊಟವೂ ಸೇರಿರಲಿಲ್ಲ.

ಒಂದು ಅಂಗಳದಲ್ಲಿ ಗುಲಾಬಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯೇ. ಅವಳ ಒಬ್ಬಳೇ ಮಗಳು ಈಗ ನನ್ನ ಆ ಒಂಬತ್ತರಲ್ಲಿ ಒಬ್ಬಳು.

"ಎಂಟನೇ ಕ್ಲಾಸಿಗ್ ಸೇರೂ ಮಕ್ಕಳ್ ಇಲ್ ಯಾರಾರೂ ಇದ್ರಾ ಮಾರಾಯ್ತಿ?" ಎಂದೆ.

ಅವಳು ಬುಟ್ಟಿ ಕೆಳಗಿಟ್ಟಳು. "ಎಂತ ಸರ್, ಜನ ಹೆಚ್ಚಾದ್ರೆ ಮೀನೂ ಸಾಕಾತಿಲ್ಲೆ, ನೀರೂ ಸಾಕಾತಿಲ್ಲೆ, ಒಂದೇ ಮಗು ಸಾಕ್ ಅಂತ ಹೇಳಿದ್ ನೀವೇ ಅಲ್ದಾ? ನಾನ್ ಒಂದಕ್ಕೇ ನಿಲ್ಸ್‌ದೆ. ಈಗ ಮಕ್ಕಳ್ ಕೊಡಿ ಅಂದ್ರೆ ಎಲ್ಲಿಂದ ತರೂದ್?"

ನನ್ನ ಪಾಠವನ್ನು ಪರೀಕ್ಷೆ ಮುಗಿದ ಮೇಲೂ ನೆನಪಿಟ್ಟವರು ಇವಳೊಬ್ಬಳೇ ಇರಬೇಕು. ನಾಳೆ ಅದೇ ಪಾಠ ಮುಂದುವರಿಸಬೇಕು. ಮಗಳೂ ಅಮ್ಮನಂತೆಯೇ ಬಹಳ ಗಮನವಿಟ್ಟು ಕೇಳುತ್ತಾಳೆ. ಈಗ ನನಗೆ ಅದೇ ಹೆದರಿಕೆ.