ಕುರುವಾಯಿ ಹುಳುವಿಗೆ ಬಿದ್ದ ಮಂಜಾಡಿ ಬೀಜಗಳು

ಹೇಳುವ ಕ್ರಮದಲ್ಲಿ ಕೊರತೆಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಿಂದ ಕಾಲೇಜಿಗೆ ಹೋದವರಲ್ಲಿ ನಾನೇ ಮೊದಲನೆಯವಳು; ಬರೆದ ವಾಕ್ಯವನ್ನು ಇಂದಿಗೂ ಎರಡು ಸಲ ಓದಿ ನೋಡುತ್ತೇನೆ.

ಮೊನ್ನೆ ಪಟ್ಟಂ ಬಡಾವಣೆಯ ನನ್ನ ಕಚೇರಿಯಲ್ಲಿ ಹಳೆಯ ಕಪಾಟೊಂದನ್ನು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಕೊಚ್ಚಿಯ ಕಾಲೇಜಿನಲ್ಲಿ ಕೀಟಗಳ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದ ಪ್ರಯೋಗಾಲಯದ ಸಹಾಯಕರು ನೆನಪಾದರು. ನಾವೆಲ್ಲ ಅವರನ್ನು ‘ಚೇಟ್ಟಾ’, ಅಂದರೆ ಅಣ್ಣಾ, ಎಂದು ಕರೆಯುತ್ತಿದ್ದೆವು.

ಆ ವರ್ಷ ನಮ್ಮ ವಿಭಾಗವು ಸಾರ್ವಜನಿಕರಿಗಾಗಿ ಒಂದು ಮತದಾನವನ್ನು ಏರ್ಪಡಿಸಿತ್ತು. ವಿಚಿತ್ರ ರೂಪದ ಏಳು ಕೀಟಗಳು, ಪ್ರತಿಯೊಂದರ ಮುಂದೆ ಒಂದು ಗಾಜಿನ ಭರಣಿ; ಬಂದವರು ತಮ್ಮ ಮೆಚ್ಚಿನದಕ್ಕೆ ಕೆಂಪು ಮಂಜಾಡಿ ಬೀಜವೊಂದನ್ನು ಹಾಕಬೇಕು. ಒಂದೊಂದು ಕೀಟದ ಪರವಾಗಿ ಒಬ್ಬೊಬ್ಬ ವಿದ್ಯಾರ್ಥಿ ಮಾತನಾಡಬೇಕು. ನಾನು ಕಡ್ಡಿಹುಳುವನ್ನು ಕೇಳಿದ್ದೆ. ಚೇಟ್ಟನ್ ನನ್ನ ಹೆಸರನ್ನು ತೆಂಗಿನ ಸುಳಿ ಕೊರೆಯುವ ಕೊಂಬಿನ ಕುರುವಾಯಿ ಹುಳುವಿನ ಮುಂದೆ ಬರೆಸಿದ್ದರು.

ಕಾರಣ ನನಗೆ ತಿಳಿದಿತ್ತು. ಹಿಂದಿನ ವಾರ, ತೆಂಗಿನ ಸುಳಿಯ ತುಂಡಿನೊಳಗೆ ಸಿಕ್ಕಿದ್ದ ಹುಳುವನ್ನು ನಾನು ತಂತಿಯಿಂದ ಒಂದೇ ತಿರುವಿಗೆ ಹೊರತೆಗೆದಿದ್ದೆ. “ಮೋಳೇ, ಈ ಕೈಚಳಕ ಪುಸ್ತಕದಿಂದ ಬಂದದ್ದಲ್ಲ,” ಎಂದು ಮಗಳನ್ನು ಕರೆದಂತೆ ಕರೆದು ಅವರು ನಕ್ಕಿದ್ದರು. ಕಾಸರಗೋಡಿನಲ್ಲಿ ಅಪ್ಪ ಪರರ ತೆಂಗಿನ ಮರ ಹತ್ತಿ ಬದುಕುತ್ತಾರೆಂಬುದನ್ನು ಯಾರಿಗೂ ಹೇಳಿರಲಿಲ್ಲ. ಅರ್ಜಿಗಳಲ್ಲಿ ‘ಕೃಷಿ’ ಎಂದು ಬರೆಯುತ್ತಿದ್ದೆ...

ಮತದಾನದ ಮೊದಲ ದಿನ ಬಾಯಿಪಾಠ ಮಾಡಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದೆ. ಜನ ಕೇಳಿ ಮುಂದೆ ಸಾಗಿದರು. ವಯಸ್ಸಾದ ಒಬ್ಬ ಅಮ್ಮಚ್ಚಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ನನ್ನ ನಾಲ್ಕು ತೆಂಗು ತಿಂದವನಿಗೆ ಓಟಾ? ಇವನನ್ನು ಮರದಿಂದ ಹೇಗೆ ಎಳೆಯುವುದು, ಅದು ಹೇಳು ಮೋಳೇ!”

ಉತ್ತರ ಗೊತ್ತಿತ್ತು. ಆದರೆ ಎಲ್ಲಿಂದ ಕಲಿತೆ ಎಂದು ಯಾರಾದರೂ ಕೇಳಿಯಾರು ಎಂಬ ಭಯಕ್ಕೆ ಬಾಯಿಪಾಠದ ಮೊದಲ ಸಾಲನ್ನೇ ಮತ್ತೆ ಶುರುಮಾಡಿದೆ. ಚೇಟ್ಟನ್ ಅದೇ ತಂತಿಯನ್ನೂ ತೆಂಗಿನ ಸುಳಿಯ ತುಂಡನ್ನೂ ನನ್ನ ಕೈಗಿತ್ತರು.

“ನನ್ನ ಅಪ್ಪ ತೆಂಗಿನ ಮರ ಹತ್ತುವವರು,” ಎಂದೆ. “ಅವರು ಹೀಗೆ ತೆಗೆಯುತ್ತಾರೆ.”

ಅಮ್ಮಚ್ಚಿ ಮೂರು ಸಲ ಮಾಡಿಸಿ ನೋಡಿದರು. ಹಿಂದೆ ಜನ ಸೇರಿದರು. ಭರಣಿಯ ತಳ ಕೆಂಪಾಯಿತು.

ಆ ಸಂಜೆ ನಾನೇ ಅಪ್ಪನಿಗೆ ಫೋನ್ ಮಾಡಿ ಬರಲು ಹೇಳಿದೆ. ಮರುದಿನ ಅವರು ರೈಲಿನಲ್ಲಿ ಬಂದರು. ಚೇಟ್ಟನ್ ಕೊಟ್ಟ ಬೀಜವನ್ನು ತಿರುಗಿಸಿ ನೋಡಿ, ನೇರ ಹೋಗಿ ಕಡ್ಡಿಹುಳುವಿನ ಭರಣಿಗೆ ಹಾಕಿಬಿಟ್ಟರು.

“ಅಪ್ಪಾ, ಎಂತ ಮಾಡಿದ್ದು!”

“ಮತ್ತೆಂತ? ದಿನಾ ನನ್ನನ್ನು ಮರ ಹತ್ತಿಸಿ ಸತಾಯಿಸುವವನಿಗೆ ನಾನೇ ಓಟು ಹಾಕುದಾ?”

ಚೇಟ್ಟನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಮ್ಮ ಹುಳು ಮೂರನೆಯದಾಯಿತು.

ಚೇಟ್ಟನ್ ಈಗಿಲ್ಲ. ಸುದ್ದಿ ನನಗೆ ತಡವಾಗಿ ತಲುಪಿತು... ಕೃತಜ್ಞತೆಯ ಒಂದು ಮಾತನ್ನೂ ಸರಿಯಾಗಿ ಹೇಳಿರಲಿಲ್ಲ. ಕಪಾಟಿನ ಬಾಗಿಲನ್ನು ಸ್ವಲ್ಪ ಹೊತ್ತು ತೆರೆದೇ ಇಟ್ಟೆ.

ಆ ಮತದಾನದ ನಂತರ ನಮ್ಮ ಕುಟುಂಬದಲ್ಲಿ ಬದಲಾದದ್ದು ಇಷ್ಟು: ಈ ವರ್ಷ ತಂಗಿ ಕಾಲೇಜಿನ ಅರ್ಜಿಯನ್ನು ತುಂಬುವಾಗ, ತಂದೆಯ ಉದ್ಯೋಗ ಎಂಬಲ್ಲಿ, ಯಾರನ್ನೂ ಕೇಳದೆ, ‘ತೆಂಗಿನ ಮರ ಹತ್ತುವುದು’ ಎಂದು ಬರೆದಳು.