ದಾಂಡೇಲಿ ಬಸ್ಸು ಬರುವ ತನಕ

ಶಂಕ್ರೆವ್ವನಿಗೆ ಸುಮ್ಮನೆ ಕೂರುವುದು ಗೊತ್ತೇ ಇರಲಿಲ್ಲ. ಅಮ್ಮಿನಭಾವಿಯ ತವರಿನಲ್ಲಿ ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ಅಂಗಳ ಗುಡಿಸಿ, ಎಮ್ಮೆಗೆ ನೀರು ಕುಡಿಸಿ ಬರುವವಳು. ಹಾಗಾಗಿ ಅರವತ್ತಮೂರನೇ ಇಸವಿಯ ಚಳಿಗಾಲದಲ್ಲಿ ಮಗಳು ಕೆಂಚವ್ವನನ್ನು ಬಗಲಲ್ಲಿ ಎತ್ತಿಕೊಂಡು ಧಾರವಾಡದ ಬಸ್ಸಿನಿಂದ ಹಳಿಯಾಳದಲ್ಲಿ ಇಳಿದಾಗ, ದಾಂಡೇಲಿ ಬಸ್ಸು ಇನ್ನು ಸಂಜೆಗೇ ಎಂದು ತಿಳಿದರೂ ಅವಳು ಮುಖ ಸಣ್ಣದು ಮಾಡಲಿಲ್ಲ; ಅಲ್ಲಿಯವರೆಗೆ ಮಾಡಲು ಏನಾದರೂ ಹುಡುಕಿಕೊಂಡಾಳು.

ಬೇಜಾರಾದದ್ದು ಗಂಡ ಬಂದಿರಲಿಲ್ಲವೆಂದು. ಲಗಮಪ್ಪ ದಾಂಡೇಲಿಯ ಕಾಗದದ ಮಿಲ್ಲಿಗೆ ಸೇರಿ ಎರಡು ವರ್ಷವಾಗಿತ್ತು. ಈಗಷ್ಟೇ ಒಂದು ಖೋಲಿ ಸಿಕ್ಕಿತ್ತು. ಹಳಿಯಾಳಕ್ಕೆ ತಾನೇ ಬಂದು, ಊರು ತೋರಿಸಿ, ಬಳೆ ಇಡಿಸಿ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಕಳಿಸಿದ್ದ.

ಬಸ್ ಸ್ಟ್ಯಾಂಡಿನ ಚೀಟಿ ಕೊಡುವ ಕಿಟಕಿಯಲ್ಲಿ ಕೂತಿದ್ದವರು ಅಡಿವೆಯ್ಯ. ಹಣೆತುಂಬ ವಿಭೂತಿ.

"ಅಯ್ಯಾರ, ದಾಂಡೇಲಿಯಿಂದ ನಮ್ಮ ಮನಿಯವರು ಬಂದಾರೇನ್ರಿ? ಮಿಲ್ಲಿನ್ಯಾಗ ಇರ್ತಾರ, ಲಗಮಪ್ಪ ಅಂತ."

ಅಡಿವೆಯ್ಯ ತಲೆಯೆತ್ತಿದರು. ಅವಳನ್ನು ನೋಡಿದರು, ಮಗುವನ್ನು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಪೆನ್ಸಿಲನ್ನು ಸುಮ್ಮಸುಮ್ಮನೆ ಅತ್ತಿತ್ತ ಸರಿಸಿದರು.

"ಬಂದಿಲ್ಲ, ತಂಗೆವ್ವ. ನೀ ಇಲ್ಲೇ ಇರು. ಗಂಟು ಒಳಗ ಇಡು, ನಾ ನೋಡ್ಕೋತೇನಿ. ಬಸ್ಸು ಬಂದ ಕೂಡ್ಲೆ ಮುಂದಿನ ಸೀಟಿನ್ಯಾಗ ನಾನ ಕುಂಡ್ರಸ್ತೇನಿ."

ಇಷ್ಟು ದೊಡ್ಡ ಊರಿನಲ್ಲಿ ಗಂಡನ ಹೆಸರು ಹೇಳಿದರೆ ಇಷ್ಟು ಮರ್ಯಾದೆಯೇ ಎಂದು ಶಂಕ್ರೆವ್ವನಿಗೆ ಹೆಮ್ಮೆಯೆನಿಸಿತು. ಮಿಲ್ಲಿನಲ್ಲಿ ರಜೆ ಸಿಕ್ಕಿರಲಿಕ್ಕಿಲ್ಲ, ಅದಕ್ಕೇ ಬಂದಿಲ್ಲ ಎಂದುಕೊಂಡಳು. ಅವನು ತೋರಿಸದಿದ್ದರೇನು, ಊರು ಎಲ್ಲಿಗೂ ಓಡಿಹೋಗುವುದಿಲ್ಲ. ಮಗಳಿಗೆ ಹಾಳು ಕೋಟೆ ತೋರಿಸಿದಳು. ಕೆರೆಯ ದಂಡೆಗೆ ಹೋಗಿ ಮುಖ ತೊಳೆದು, ಹೊಸದಾಗಿ ತಲೆ ಬಾಚಿ ಹೆರಳು ಹಾಕಿಕೊಂಡಳು. ಗಂಡನ ಮುಂದೆ ಧೂಳು ಮೆತ್ತಿದ ಮುಖ ಹೊತ್ತು ಇಳಿಯಬಾರದು.

ಮರಳಿ ಬಂದಾಗ ಸ್ಟ್ಯಾಂಡಿನ ಎದುರು ಚಾದ ಅಂಗಡಿ ಇಟ್ಟಿದ್ದ ಈರಕ್ಕ ತಾನಾಗಿಯೇ ಕರೆದಳು. ಕೂರಲು ಮಣೆ ಕೊಟ್ಟಳು. ಕೂಸಿನ ಕೈಗೆ ಬೆಲ್ಲದ ಚೂರು ಇಟ್ಟಳು. ಅಂಗಡಿಯಲ್ಲಿ ಜೋರಾಗಿ ಮಾತಾಡುತ್ತಿದ್ದ ನಾಲ್ಕಾರು ಗಂಡಸರು ಇವಳು ಕೂತೊಡನೆ ಬಾಯಿ ಮುಚ್ಚಿದರು. ಒಬ್ಬ ಅರ್ಧ ಕುಡಿದ ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದುಹೋದ. ಶಂಕ್ರೆವ್ವ ಅವನು ಹೋದ ದಿಕ್ಕನ್ನೇ ನೋಡಿದಳು. ಹೊಸ ಹೆಣ್ಣುಮಗಳೆಂದು ನಾಚಿದರೇನೋ ಎಂದು ತನಗೆ ತಾನೇ ಹೇಳಿಕೊಂಡಳು.

ಪಕ್ಕದಲ್ಲೇ ಬಳೆಗಾರ ಮುದುಕ ಗೋಣಿ ಹಾಸಿ ಕೂತಿದ್ದ. ಶಂಕ್ರೆವ್ವ ಅವನೆದುರು ಕೂತು ಎಡಗೈ ಚಾಚಿದಳು.

"ಹಸರ ಚಿಕ್ಕಿ ಬಳಿ ಇಡ್ರಿ, ಅಜ್ಜಾ. ಕೈತುಂಬ."

ಮುದುಕ ಅವಳ ಕೈ ಹಿಡಿದು ಅಳತೆ ನೋಡಿದ. ಅಷ್ಟರಲ್ಲಿ ಅವನ ಕಣ್ಣು ಅವಳ ಹೆಗಲಾಚೆ ಹೋಯಿತು. ಶಂಕ್ರೆವ್ವ ಥಟ್ಟನೆ ತಿರುಗಿದಳು. ಈರಕ್ಕ ಒಲೆಯ ಮುಂದೆ ನಿಂತು, ಬೇಡವೆಂದು ತಲೆಯಾಡಿಸುತ್ತಿದ್ದವಳು, ಹಾಗೆಯೇ ಕಲ್ಲಾದಳು.

ಮುದುಕ ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟ. "ನಿನ್ನ ಅಳತಿದು ಇಲ್ಲ, ಮಗಳ," ಎಂದ. ಅವಳ ಅಳತೆಯ ಹಸಿರು ಬಳೆಗಳ ಸರ ಅವನ ಮೊಣಕಾಲಿಗೆ ತಾಗಿಕೊಂಡೇ ಇತ್ತು.

ಯಾವ ಹೆಂಗಸಿನ ಕೈಗೆ ಬಳೆಗಾರ ಬಳೆ ಇಡುವುದಿಲ್ಲ ಎಂಬುದು ಶಂಕ್ರೆವ್ವನಿಗೆ ತಿಳಿಯದ್ದೇನಲ್ಲ. ಅವಳು ಕೂತಲ್ಲೇ ಕೂತಳು. ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಹೋಗುತ್ತಿದ್ದವು. ಎತ್ತಿನ ಕೊರಳ ಗಂಟೆಯ ಸದ್ದು ಬಲು ದೂರದಿಂದ ಬಂದಂತೆ ಕೇಳಿಸಿತು. ಈರಕ್ಕ ಓಡಿಬಂದು ಭುಜ ಹಿಡಿದಳು.

"ತಂಗೀ, ನಿನಗ..."

"ಹೇಳಬ್ಯಾಡ್ರಿ, ಅಕ್ಕಾ." ಶಂಕ್ರೆವ್ವನ ದನಿ ಅವಳದೇ ಅನಿಸಲಿಲ್ಲ. "ಬಸ್ಸು ಬರೂತನಕ ಏನೂ ಹೇಳಬ್ಯಾಡ್ರಿ. ಕೂಸು ಉಣ್ಣಬೇಕು. ಅಲ್ಲಿ ಹೋದಮ್ಯಾಲೆ ಇದಕ್ಕ ಯಾರು ಉಣಿಸ್ತಾರ?"

ಈರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಬಿಸಿ ಅನ್ನ, ಮೊಸರು, ರೊಟ್ಟಿ ತಂದಿಟ್ಟಳು. ಶಂಕ್ರೆವ್ವ ಮಗಳಿಗೆ ತುತ್ತು ತುತ್ತಾಗಿ ಉಣಿಸಿದಳು, ಕಾಗೆ ತೋರಿಸಿದಳು, ನಗಿಸಿದಳು. ತಾನೂ ರೊಟ್ಟಿ ಮುರಿದು, ನೀರು ಕುಡಿದು ಕುಡಿದು ನುಂಗಿದಳು. ಇನ್ನೆಷ್ಟು ದಿನ ನಿಲ್ಲಬೇಕೋ, ಕಾಲಿನಲ್ಲಿ ಬಲ ಬೇಕಿತ್ತು. ಸುತ್ತಲಿದ್ದವರು ಅವಳತ್ತ ನೋಡಲೂ ಆಗದೆ, ನೋಡದಿರಲೂ ಆಗದೆ ನಿಂತಿದ್ದರು.

ಬಸ್ಸು ಬಂತು. ಅಡಿವೆಯ್ಯ ಹೇಳಿದಂತೆ ಮುಂದಿನ ಸೀಟಿನಲ್ಲಿ ಕೂರಿಸಿದರು. ಕಂಡಕ್ಟರ್ ಚೀಟಿ ಕೇಳಲಿಲ್ಲ. ಕಾಡು ಶುರುವಾಯಿತು, ಮರಗಳ ನಡುವೆ ಬಿಸಿಲು ಬೇಗ ಆರಿತು. ಕೆಂಚವ್ವ ಅಪ್ಪನನ್ನು ಕೇಳುತ್ತ ಕೇಳುತ್ತ ತೊಡೆಯ ಮೇಲೆ ನಿದ್ದೆಹೋದಳು.

ದಾಂಡೇಲಿಯಲ್ಲಿ ಲಗಮಪ್ಪನ ಅಣ್ಣ ಮುದಕಪ್ಪ ನಿಂತಿದ್ದ, ಸೂತಕದವರಂತೆ ತಲೆಗೆ ಪಟಗ ಸುತ್ತಿರಲಿಲ್ಲ. ಹೆಂಡತಿಯನ್ನು ಕರೆತರಲು ಹೋಗಬೇಕೆಂದು ಲಗಮಪ್ಪ ನಸುಕಿನಲ್ಲೇ ಕಾಳಿ ಹೊಳೆಗೆ ಜಳಕಕ್ಕೆ ಇಳಿದಿದ್ದ. ಮಡುವಿನಲ್ಲಿ ಕಾಲು ಜಾರಿತು. ಮೊದಲ ಬಸ್ಸಿನ ಡ್ರೈವರ್ ಸುದ್ದಿಯನ್ನು ಹಳಿಯಾಳಕ್ಕೆ ಒಯ್ದಿದ್ದ. ಜೊತೆಗೆ, ಹೆಂಡತಿ ಬಂದರೆ ದಾರಿಯಲ್ಲಿ ಹೇಳಬೇಡಿ, ಜೋಪಾನವಾಗಿ ಕಳಿಸಿ ಎಂದು ಮುದಕಪ್ಪ ಹೇಳಿದ ಮಾತನ್ನೂ. ಅವಳು ಮುಖ ನೋಡಿದ ಮೇಲೆಯೇ ಮಣ್ಣು ಮಾಡಿದರು.

ಶಂಕ್ರೆವ್ವ ತವರಿಗೆ ಹೋಗಲಿಲ್ಲ. ಹಳಿಯಾಳದ ಸಂತೆಯಿಂದ ಕಾಯಿಪಲ್ಲೆ ತಂದು ಕೂಲಿಕಾರರ ಸಾಲುಮನೆಗಳಲ್ಲಿ ಮಾರಿ ಮಗಳನ್ನು ಸಾಕಿದಳು. ಗಂಡ ಸತ್ತದ್ದು ತಿಳಿದೂ ರೊಟ್ಟಿ ತಿಂದು ಬಂದವಳೆಂದು ಓಣಿಯ ಹೆಂಗಸರು ಆಡಿಕೊಂಡರು. ಜನರ ಬೈಗುಳಕ್ಕೆ, ಜಗಳಕ್ಕೆ ಅವಳು ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಕಾರಣವಿಲ್ಲದ ಅಕ್ಕರೆಗೆ.

ಕೆಂಚವ್ವ ಶಾಲೆಗೆ ಹೋಗತೊಡಗಿದ ವರ್ಷ, ಒಂದು ಮಧ್ಯಾಹ್ನ ಕಿರಾಣಿ ಅಂಗಡಿಯ ಸಾತಪ್ಪ, ಎಂದೂ ನಗದ ಮನುಷ್ಯ, ಎದ್ದು ಬಂದು ಅವಳ ತಲೆಯ ಮೇಲಿನ ಬುಟ್ಟಿಯನ್ನು ತಾನೇ ಇಳಿಸಿಕೊಂಡ. "ಬಿಸಲಾಗ ಭಾಳ ದಣದೀ ಯವ್ವಾ, ನೆರಳಿಗೆ ಕುಂಡ್ರು," ಎಂದ.

ಶಂಕ್ರೆವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಬುಟ್ಟಿಯನ್ನು ಅಲ್ಲೇ ಬಿಟ್ಟು, ಸೆರಗು ಜಾರಿದ್ದರ ಪರಿವೆಯಿಲ್ಲದೆ, ಶಾಲೆಯ ಕಡೆಗೆ ಓಡತೊಡಗಿದಳು.

ಹುಡುಗಿ ಗೆಳತಿಯರೊಡನೆ ಕುಂಟಾಬಿಲ್ಲೆ ಆಡುತ್ತಿದ್ದಳು. ಏನಾಯಿತೆಂದು ಅವಳು ಕೇಳಿದರೆ, ತಾಯಿ ಜಾರಿದ ಸೆರಗು ಎಳೆದುಕೊಂಡು, ಆಟ ಮುಗಿಯುವ ತನಕ ಅಲ್ಲೇ ನಿಂತಳು.